18 ಇನ್‌ಪುಟ್ ಅಂತ ಬರೆದಿದೆ, ಮೈಕ್ ಚುಚ್ಚೋಕೆ ನಾಲ್ಕೇ ಜಾಗ. ಉಳಿದದ್ದು ಎಲ್ಲಿ?

ಸಾಧನಕೇರಿ_ಹುಡುಗ (ಧಾರವಾಡ)

ನಮಸ್ಕಾರ. ನನ್ನ ಹತ್ತಿರ ಫೋಕಸ್‌ರೈಟ್ ಸ್ಕಾರ್ಲೆಟ್ 18ಐ8 ಆಡಿಯೋ ಕಾರ್ಡ್ (ಮೈಕನ್ನು ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆ) ಇದೆ, ಮೂರನೇ ಜನರೇಶನ್. ವಿಂಡೋಸ್ ಲ್ಯಾಪ್‌ಟಾಪ್, ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಕೆಲಸ. ಇಷ್ಟು ದಿನ ಒಬ್ಬರೇ ಹಾಡೋದು, ಜೊತೆಗೆ ತಬಲಾ, ಪೇಟಿ ಅಷ್ಟೇ ಇತ್ತು, ಆರಾಮಾಗಿ ನಡೆದಿತ್ತು. ಈಗ ನಮ್ಮ ಓಣಿಯ ಭಜನಾ ಮಂಡಳಿಯವರು ಶ್ರಾವಣದೊಳಗೆ ಹತ್ತು ಪದ ರೆಕಾರ್ಡ್ ಮಾಡಿ ಕೊಡು ಅಂತ ಬೆನ್ನು ಹತ್ತಿದ್ದಾರೆ. ಮುಂದೆ ಹಾಡುವವರು ಒಬ್ಬರು, ಹಿಂದೆ ಹೇಳುವವರು ನಾಲ್ಕು ಜನ, ಪೇಟಿ, ತಬಲಾ, ಡಗ್ಗಾ, ತಾಳ, ಒಂದು ದಮ್ಮಡಿ. ಎಲ್ಲ ಒಟ್ಟಿಗೇ ಆಗಬೇಕು, ಬೇರೆ ಬೇರೆ ಕೂತು ಹಾಡಿ ಅಂದರೆ ಅವರಿಗೆ ಆಗಲ್ಲ.

ಕಾರ್ಡ್ ಹೆಸರಲ್ಲೇ 18 ಇದೆ, ಆದರೆ ಮೈಕ್ ಹಾಕುವ ಜಾಗ ನಾಲ್ಕೇ. ಹಿಂದೆ ಒಂದು ಚೌಕದ ಸಣ್ಣ ತೂತು ಇದೆ, ಮುಚ್ಚಳ ಇರೋದು, ಅದು ಟಿವಿಗೆ ಅಂತ ಅಂಗಡಿಯವರು ಹೇಳಿದರು. ಹೌದಾ? ಇಲ್ಲಾಂದ್ರೆ ಎರಡು ಇನ್‌ಪುಟ್‌ನ ಇನ್ನೊಂದು ಸಣ್ಣ ಕಾರ್ಡ್ ತಗೊಂಡು ಎರಡನ್ನೂ ಲ್ಯಾಪ್‌ಟಾಪ್‌ಗೆ ಹಚ್ಚಿದರೆ ನಡೆಯುತ್ತಾ? ದುಡ್ಡು ಜಾಸ್ತಿ ಇಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ.

ಡಗ್ಗಾ_ಗದಗ

ತಮ್ಮಾ, ಆ ತೂತಿನಲ್ಲೇ ನಿನ್ನ ಎಂಟು ಇನ್‌ಪುಟ್ ಕೂತಿವೆ. ಲೆಕ್ಕ ನೋಡು: ಮೈಕ್ ಹಾಕೋಕೆ 4, ಹಿಂದೆ ಲೈನ್ ಇನ್‌ಪುಟ್ (ಮೈಕ್‌ಗಲ್ಲ, ಮಿಕ್ಸರ್‌ನಂಥದರಿಂದ ಬರುವ ಜೋರು ಸಿಗ್ನಲ್‌ಗೆ) 4, ಎಸ್‌ಪಿಡಿಫ್ ಅನ್ನುವ ಎರಡು ಚಾನೆಲ್‌ನ ಡಿಜಿಟಲ್ ಸಿಗ್ನಲ್ ಬರುವ ಆರ್‌ಸಿಎ ಜ್ಯಾಕ್‌ನಲ್ಲಿ 2, ನೀನು ಹೇಳಿದ ಆ ಆಪ್ಟಿಕಲ್ (ಬೆಳಕಿನಲ್ಲಿ ಸಿಗ್ನಲ್ ಬರುವ) ತೂತಿನಲ್ಲಿ 8. ಅಲ್ಲಿಗೆ 18. ಕಂಪನಿಯವರು ಸುಳ್ಳು ಹೇಳಿಲ್ಲ, ಆದರೆ ಡಬ್ಬಿ ಮೇಲಿನ ಅಂಕಿ ನೋಡಿ ಕೊಳ್ಳುವವರಿಗೆ ಎಲ್ಲವನ್ನೂ ಹೇಳಿಯೂ ಇಲ್ಲ.

ಟಿವಿಯ ಕೇಬಲ್ಲೇ ಅದಕ್ಕೆ ಕೂರುತ್ತದೆ, ಅಂಗಡಿಯವರು ಅದಕ್ಕೇ ಹಾಗಂದಿರಬೇಕು. ಕೇಬಲ್ ಒಂದೇ, ಒಳಗೆ ಹರಿಯುವುದು ಬೇರೆ. ಟಿವಿಯಿಂದ ಬರುವುದು ಎಸ್‌ಪಿಡಿಫ್. ಇಲ್ಲಿ ಬೇಕಾದ್ದು ಎಡ್ಯಾಟ್. ಅಲೇಸಿಸ್ ಕಂಪನಿ 1991ರಲ್ಲಿ ವಿಡಿಯೋ ಕ್ಯಾಸೆಟ್ ಮೇಲೆ ಎಂಟು ಟ್ರ್ಯಾಕ್ ಡಿಜಿಟಲ್ ಆಗಿ ರೆಕಾರ್ಡ್ ಮಾಡುವ ಮಷಿನ್ ತೋರಿಸಿತ್ತು, ಎಡ್ಯಾಟ್ ಅಂದರೆ ಅದರ ಹೆಸರು. ಮಷಿನ್ ಹೋಯಿತು, ಅದರ ಆಪ್ಟಿಕಲ್ ಕನೆಕ್ಷನ್ ಇನ್ನೂ ಇದೆ.

ಎಂಟು ಮೈಕ್ ಪ್ರೀಆಂಪ್ (ಮೈಕ್‌ನ ಸಣ್ಣ ಸಿಗ್ನಲ್ ಏರಿಸುವಂಥದ್ದು) ಇರುವ, ಎಡ್ಯಾಟ್ ಔಟ್ ಕೊಡುವ ಪೆಟ್ಟಿಗೆ ಬೇಕು. ಬೆಹ್ರಿಂಗರ್ ಎಡಿಎ8200 ಆಗಬಹುದು, ಫೋಕಸ್‌ರೈಟ್‌ನದೇ ಆಕ್ಟೋಪ್ರೀ ಆಗಬಹುದು. ಎರಡನೇ ಕಾರ್ಡ್ ವಿಚಾರ ಬಿಡು. ವಿಂಡೋಸ್‌ನಲ್ಲಿ ರೀಪರ್ ಒಂದು ಸಲಕ್ಕೆ ಒಂದೇ ಆಸಿಯೋ ಡ್ರೈವರ್ (ಕಾರ್ಡ್ ನಡೆಸುವ ಸಾಫ್ಟ್‌ವೇರ್) ಹಿಡಿಯುತ್ತದೆ. ಮ್ಯಾಕ್‌ನಲ್ಲಿ ಎರಡನ್ನು ಸೇರಿಸಿ ಒಂದು ಅಂತ ತೋರಿಸಬಹುದು, ನಿನ್ನ ಹತ್ತಿರ ಮ್ಯಾಕ್ ಇಲ್ಲವಲ್ಲ.

ಸಾಧನಕೇರಿ_ಹುಡುಗ

ಅಣ್ಣಾ, ತುಂಬಾ ಥ್ಯಾಂಕ್ಸ್. ನಾನು ಯಾವಾಗಲೂ 96 ಕಿಲೋಹರ್ಟ್ಸ್ ಸ್ಯಾಂಪಲ್ ರೇಟ್‌ನಲ್ಲೇ (ಸೆಕೆಂಡಿಗೆ 96,000 ಸಲ ಸದ್ದು ಅಳೆಯೋದು) ರೆಕಾರ್ಡ್ ಮಾಡೋದು, ಅದಕ್ಕೆ ತೊಂದರೆ ಇಲ್ವಾ? ಆಮೇಲೆ ಕ್ಲಾಕ್ ಅಂತ ಏನೋ ಸೆಟ್ ಮಾಡಬೇಕು ಅಂತ ಎಲ್ಲ ಕಡೆ ಬರೆದಿರುತ್ತಾರೆ, ಓದಿದರೂ ತಲೆಗೆ ಹತ್ತಲಿಲ್ಲ.

ವಿದ್ಯಾನಗರ_ಮಿಕ್ಸ್ (ಹುಬ್ಬಳ್ಳಿ)

96 ಬಿಟ್ಟುಬಿಡಿ. ಎಡ್ಯಾಟ್‌ನಲ್ಲಿ ಎಂಟು ಚಾನೆಲ್ ಸಿಗುವುದು 44.1 ಅಥವಾ 48ರಲ್ಲಿ ಮಾತ್ರ. 96ಕ್ಕೆ ಹೋದರೆ ಒಂದು ಕೇಬಲ್‌ನಲ್ಲಿ ನಾಲ್ಕೇ ಚಾನೆಲ್. ಎಡಿಎ8200 ಅಂತೂ 48ರ ಮೇಲೆ ಹೋಗುವುದೇ ಇಲ್ಲ. ಭಜನೆ ಪದವನ್ನು ಕೊನೆಗೆ ಕೇಳುವವರು ಮೊಬೈಲ್‌ನಲ್ಲಿ ಕೇಳುತ್ತಾರೆ, 48 ಕಿಲೋಹರ್ಟ್ಸ್, 24 ಬಿಟ್ ಬೇಕಾದಷ್ಟಾಯಿತು.

ಈಗ ಕ್ಲಾಕ್. ಎರಡೂ ಪೆಟ್ಟಿಗೆಯೊಳಗೆ ಒಂದೊಂದು ಹರಳು ಇರುತ್ತದೆ, ಸೆಕೆಂಡಿಗೆ 48,000 ಸಲ ಎಣಿಸೋದು ಅದರ ಕೆಲಸ. ಎರಡೂ 48 ಅಂತಲೇ ತೋರಿಸಿದರೂ ಎಣಿಕೆ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಎರಡನ್ನೂ ಅದರದರ ಪಾಡಿಗೆ ಬಿಟ್ಟರೆ ಆಗಾಗ ಒಂದು ಸ್ಯಾಂಪಲ್ ಜಾರುತ್ತದೆ, ಪದದ ನಡುವೆ 'ಟಿಕ್' ಅಂತ ಸದ್ದು. ತಾಳದ ಜೊತೆಗೆ ಬಂದರೆ ಗೊತ್ತೂ ಆಗಲ್ಲ, ಆಲಾಪದಲ್ಲಿ ಬಂದಾಗ ಮಾತ್ರ ಕಿವಿಗೆ ಚುಚ್ಚುತ್ತದೆ. ಅದಕ್ಕೇ ಒಬ್ಬರು ತಾಳ ಹಾಕಬೇಕು, ಇನ್ನೊಬ್ಬರು ಅದನ್ನೇ ಹಿಡಿಯಬೇಕು.

ನಿಮ್ಮ 18ಐ8ನಲ್ಲಿ ಒಂದು ವಿಶೇಷ ಇದೆ, ಇದನ್ನು ಜನ ಗಮನಿಸುವುದಿಲ್ಲ. ಅದಕ್ಕೆ ಆಪ್ಟಿಕಲ್ ಇನ್ ಮಾತ್ರ ಇರುವುದು, ಆಪ್ಟಿಕಲ್ ಔಟ್ ಇಲ್ಲ. ಅಂದರೆ ನಿಮ್ಮ ಕಾರ್ಡ್ ತನ್ನ ಕ್ಲಾಕನ್ನು ಆ ದಾರಿಯಲ್ಲಿ ಎಡಿಎ8200ಗೆ ಕಳಿಸೋಕೆ ಆಗಲ್ಲ. ಹಾಗಾಗಿ ಪ್ರೀಆಂಪ್ ಪೆಟ್ಟಿಗೆಯೇ ಮಾಸ್ಟರ್ ಆಗಬೇಕು. ಅದರ ಸಿಂಕ್ ಸ್ವಿಚ್ಚನ್ನು ಇಂಟರ್ನಲ್ 48ಕ್ಕೆ ಇಡಿ. ಕಾರ್ಡ್‌ನ ಸಾಫ್ಟ್‌ವೇರ್ ಫೋಕಸ್‌ರೈಟ್ ಕಂಟ್ರೋಲ್‌ನಲ್ಲಿ ಸ್ಯಾಂಪಲ್ ರೇಟ್ 48, ಕ್ಲಾಕ್ ಸೋರ್ಸ್ ಎಡ್ಯಾಟ್ ಮಾಡಿ. 'ಲಾಕ್ಡ್' ಅಂತ ಬಂದರೆ ಮುಗಿಯಿತು. ಎಂಟು ಚಾನೆಲ್ ಬರುವ ಅದೇ ಕೇಬಲ್‌ನಲ್ಲೇ ಕ್ಲಾಕೂ ಬರುತ್ತದೆ, ಬೇರೆ ವೈರ್ ಬೇಡ. ಇದೇ ಸಾಲಿನ ದೊಡ್ಡ ಕಾರ್ಡ್ 18ಐ20 ಇರುವವರು ಇದನ್ನು ಓದುತ್ತಿದ್ದರೆ, ನಿಮಗೆ ಔಟ್ ಕೂಡ ಇದೆ, ನೀವು ಕಾರ್ಡನ್ನೇ ಮಾಸ್ಟರ್ ಇಟ್ಟು ಇನ್ನೊಂದು ಕೇಬಲ್ ಹಾಕಬಹುದು. ಇನ್ನೊಂದು ಮಾತು. ಮುಂದೆ ಪ್ರೀಆಂಪ್ ಹಚ್ಚದೆ ಒಬ್ಬರದೇ ಹಾಡು ರೆಕಾರ್ಡ್ ಮಾಡುವಾಗ ಕ್ಲಾಕ್ ಸೋರ್ಸ್ ಮತ್ತೆ ಇಂಟರ್ನಲ್‌ಗೆ ತರಬೇಕು, ಇಲ್ಲದಿದ್ದರೆ ಲಾಕ್ ಸಿಗಲ್ಲ.

ಕೇಬಲ್‌ನ ಎರಡೂ ತುದಿಗೆ ಸಣ್ಣ ಪ್ಲಾಸ್ಟಿಕ್ ಟೋಪಿ ಇರುತ್ತದೆ, ಬಣ್ಣ ಇಲ್ಲದ್ದು, ತೆಗೆಯದೇ ಚುಚ್ಚಬೇಡಿ. ಪ್ರೀಆಂಪ್ ಆನ್ ಮಾಡಿ ಕೇಬಲ್‌ನ ಇನ್ನೊಂದು ತುದಿಯನ್ನು ಅಂಗೈಗೆ ಹಿಡಿದರೆ ಕೆಂಪು ಚುಕ್ಕಿ ಕಾಣಬೇಕು. ಚುಕ್ಕಿ ಇಲ್ಲ ಅಂದರೆ ಸೆಟ್ಟಿಂಗ್ ಹುಡುಕಿ ಪ್ರಯೋಜನ ಇಲ್ಲ, ಕೇಬಲ್ ನೋಡಿ. ಐದು ಮೀಟರ್ ದಾಟಬೇಡಿ, ಸುತ್ತುವಾಗ ಮಡಿಸಬೇಡಿ. ಒಂದು ಲಾಭವೂ ಇದೆ: ಬೆಳಕು ಹೋಗುವ ಕೇಬಲ್ ಆದ್ದರಿಂದ ಅದರ ಮೂಲಕ ಕರೆಂಟಿನ 'ಗುಂಯ್' ಸದ್ದು ಬರಲ್ಲ.

ರೀಪರ್‌ನಲ್ಲಿ ಇನ್‌ಪುಟ್ 11ರಿಂದ 18ರವರೆಗೆ ನೋಡಿ. ಅನಲಾಗ್ 8, ಎಸ್‌ಪಿಡಿಫ್ 2 ಆದಮೇಲೆ ಎಡ್ಯಾಟ್ ಬರುತ್ತದೆ.

ಮೈಕ್‌ಸೆಟ್_ಹಾವೇರಿ

ಎಲ್ಲ ಸರಿ, ಆದರೆ ಹುಡುಗ ದುಡ್ಡಿಲ್ಲ ಅಂತ ಹೇಳಿದ್ದನ್ನು ಯಾರೂ ಕೇಳಿಸಿಕೊಂಡಂಗಿಲ್ಲ. ಭಜನಾ ಮಂಡಳಿ ಅಂದಮೇಲೆ ಗುಡಿಯಲ್ಲಿ ಒಂದು ಮಿಕ್ಸರ್ ಇದ್ದೇ ಇರುತ್ತದೆ, ಅಲ್ವಾ? ಅದನ್ನು ತನ್ನಿ. ಕಾರ್ಡ್ ಹಿಂದಿನ ನಾಲ್ಕು ಲೈನ್ ಇನ್‌ಪುಟ್ ಸುಮ್ನೆ ಖಾಲಿ ಕೂತಿವೆಯಲ್ಲ.

ಪೇಟಿಯ ಮೈಕನ್ನು ಮಿಕ್ಸರ್‌ಗೆ ಹಾಕಿ ಪ್ಯಾನ್ ಪೂರ್ತಿ ಎಡಕ್ಕೆ ತಿರುಗಿಸಿ. ಹಿಂದೆ ಹೇಳುವವರ ಮೈಕ್ ಪೂರ್ತಿ ಬಲಕ್ಕೆ. ಮೇನ್ ಔಟ್ ಎಡದ್ದು ಲೈನ್ 5ಕ್ಕೆ, ಬಲದ್ದು 6ಕ್ಕೆ. ಎರಡೂ ಬೇರೆ ಬೇರೆ ಟ್ರ್ಯಾಕ್ ಆಗಿಯೇ ಬರುತ್ತವೆ. ಪ್ರೀಫೇಡರ್ ಆಕ್ಸ್ (ಫೇಡರ್ ಇಳಿಸಿದರೂ ಸದ್ದು ಕಳಿಸುವ ಬೇರೆ ಔಟ್) ಇದ್ದರೆ ಇನ್ನೂ ಒಂದು ಗಿಟ್ಟುತ್ತದೆ: ತಾಳ, ದಮ್ಮಡಿಗೆ ಒಂದು ಮೈಕ್, ಅದರ ಫೇಡರ್ ಪೂರ್ತಿ ಇಳಿಸಿ, ಆಕ್ಸ್ ಮಾತ್ರ ಏರಿಸಿ, ಆಕ್ಸ್ ಔಟ್ ಲೈನ್ 7ಕ್ಕೆ. ಕಾರ್ಡ್‌ನ ನಾಲ್ಕು ಮೈಕ್ ಇನ್‌ಪುಟ್‌ನಲ್ಲಿ ಮುಂದಿನ ಗಾಯಕರು, ತಬಲಾ, ಡಗ್ಗಾ, ಇನ್ನೊಂದು ಹಿಂದಿನವರಿಗೆ. ಒಟ್ಟು ಏಳು ಟ್ರ್ಯಾಕ್, ಖರ್ಚು ಮೂರು ವೈರ್‌ನದು. ಎಲ್ಲ ಒಂದೇ ಕಾರ್ಡ್‌ಗೆ ಹೋಗುವುದರಿಂದ ಕ್ಲಾಕ್ ರಗಳೆಯೂ ಇಲ್ಲ. ಮಿಕ್ಸರ್, ಲ್ಯಾಪ್‌ಟಾಪ್ ಎರಡನ್ನೂ ಅರ್ಥಿಂಗ್ ಇರುವ ಒಂದೇ ಬೋರ್ಡ್‌ಗೆ ಹಾಕಿ, ಇಲ್ಲಿ ಗುಂಯ್ ಸದ್ದು ಬರಬಹುದು.

ವಿದ್ಯಾನಗರ_ಮಿಕ್ಸ್ (ಹುಬ್ಬಳ್ಳಿ)

ಈ ಸಲಕ್ಕೆ ಹಾವೇರಿಯವರು ಹೇಳಿದ್ದೇ ಸರಿ ಅನಿಸುತ್ತದೆ. ಒಂದೇ ಕೊರತೆ, ಅಗ್ಗದ ಮಿಕ್ಸರ್‌ನ ಗೇನ್ ಜಾಸ್ತಿ ಏರಿಸಿದರೆ 'ಶ್' ಅನ್ನುವ ಸದ್ದು ಬರುತ್ತದೆ, ಅದು ಆಮೇಲೆ ಹೋಗಲ್ಲ. ಅದಕ್ಕೇ ಮಿಕ್ಸರ್‌ಗೆ ಜೋರಾಗಿ ಕೇಳುವಂಥದ್ದನ್ನೇ ಹಾಕಿ, ಮೆಲ್ಲಗಿನ ದನಿಯನ್ನು ಕಾರ್ಡ್‌ಗೆ.

ಡಗ್ಗಾ_ಗದಗ

ಇನ್ನೊಂದು, ಮೈಕ್ ಹೆಚ್ಚಾದಷ್ಟೂ ಚೆಂದ ಅಂತ ತಿಳಿಯಬೇಡ. ಸಣ್ಣ ಕೋಣೆಯಲ್ಲಿ ತಾಳದ ಸದ್ದು ಎಲ್ಲ ಮೈಕಿಗೂ ನುಗ್ಗುತ್ತದೆ. ತಾಳದವರನ್ನು ಬಾಗಿಲ ಹತ್ತಿರ ಕೂರಿಸು, ಅವರಿಗೆ ಬೇಕಾದರೆ ಮೈಕೇ ಬೇಡ. ಹಿಂದೆ ಹೇಳುವ ನಾಲ್ಕು ಜನಕ್ಕೆ ಎರಡು ಮೈಕ್ ಧಾರಾಳ. ತಬಲಾಕ್ಕೆ ಒಂದು ಗೇಣು ಮೇಲಿಂದ, ಡಗ್ಗಾಕ್ಕೆ ಸ್ವಲ್ಪ ದೂರ, ನಡುವಿನ ಕರಿಗೆ ನೇರ ಹಿಡಿಯಬೇಡ. ಕೆಳಗೆ ಒಂದು ದಪ್ಪ ಜಮಖಾನ ಹಾಸು. ಫ್ಯಾನ್ ಬಂದ್ ಮಾಡು, ಬೈಯ್ದರೂ ಪರವಾಗಿಲ್ಲ.

ಸಾಧನಕೇರಿ_ಹುಡುಗ

ಗುಡಿಯಲ್ಲಿ ಮಿಕ್ಸರ್ ಇದೆ, ಆಕ್ಸ್ ಒಂದಿದೆ, ಪ್ರೀ ಹೌದೋ ಅಲ್ಲವೋ ನೋಡಬೇಕು. ಸೋಮವಾರದ ಭಜನೆಗೆ ಹಾಗೇ ಹಚ್ಚಿ ನೋಡುತ್ತೇನೆ. ಪ್ರೀಆಂಪ್ ಮುಂದೆ ಸೆಕೆಂಡ್‌ಹ್ಯಾಂಡ್ ಸಿಕ್ಕರೆ ತಗೊಳ್ಳೋದು. ಆಪ್ಟಿಕಲ್ ಕೇಬಲ್ ಇಲ್ಲೇ ಸಿಗುತ್ತಾ, ತರಿಸಬೇಕಾ?

ವಿದ್ಯಾನಗರ_ಮಿಕ್ಸ್ (ಹುಬ್ಬಳ್ಳಿ)

ಹೋಂ ಥಿಯೇಟರ್, ಟಿವಿ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿ. ಟಿವಿ ಆಪ್ಟಿಕಲ್ ಕೇಬಲ್, ಎರಡು ಮೀಟರ್, ಎರಡೂ ಕಡೆ ಚೌಕದ ತುದಿ ಇರುವುದು. ಚಿನ್ನದ ಲೇಪ ಇದೆ ಅಂತ ಜಾಸ್ತಿ ದುಡ್ಡು ಕೇಳಿದರೆ ಕೊಡಬೇಡಿ, ಬೆಳಕಿಗೆ ಚಿನ್ನ ಯಾಕೆ. ಸೆಕೆಂಡ್‌ಹ್ಯಾಂಡ್ ಪ್ರೀಆಂಪ್ ನೋಡೋಕೆ ಹೋಗುವಾಗ ಆ ಕೇಬಲ್, ಒಂದು ಮೈಕ್, ನಿಮ್ಮ ಕಾರ್ಡ್ ಒಯ್ದು ಎಂಟೂ ಚಾನೆಲ್ ಅಲ್ಲೇ ಕೇಳಿ ನೋಡಿ.