ಆಡಳಿತ ಸಾಧನಕ್ಕೆ ಎಐ ಏಜೆಂಟ್ ಓದುವ ಕೈಪಿಡಿ: ಬರೆದವರು ಅನುಭವ ಹೇಳಿ

ಕ್ಲಾಕ್‌ಟವರ್, ಕೋಲಾರ:
ಟೊಮೆಟೊ ಮಂಡಿಗಳ ಲೆಕ್ಕಪತ್ರದ ತಂತ್ರಾಂಶ ನಮ್ಮದು. ಸರ್ವರ್ ನಿರ್ವಹಣೆಗೆ ನಾವೇ ಬರೆದುಕೊಂಡ ಕಮಾಂಡ್‌ಲೈನ್ (ಆದೇಶ ಟೈಪ್ ಮಾಡಿ ನಡೆಸುವ) ಸಾಧನವಿದೆ. ಬಳಕೆದಾರರ ಸೇರ್ಪಡೆ, ಬ್ಯಾಕಪ್, ಹಳೆಯ ದಾಖಲೆಗಳ ತೆರವು ಎಲ್ಲ ಅದರಲ್ಲೇ. ಹುಡುಗರು ಈಗ ಅದನ್ನು ಕೋಡಿಂಗ್ ಏಜೆಂಟ್ (ಹೇಳಿದ ಕೆಲಸಕ್ಕೆ ತಾನೇ ಕಮಾಂಡ್ ಓಡಿಸುವ ಎಐ) ಕೈಗೆ ಕೊಡುತ್ತಿದ್ದಾರೆ. ಅದಕ್ಕೆಂದೇ ಏಜೆಂಟ್ಸ್.ಎಂಡಿ (AGENTS.md, ಏಜೆಂಟ್ ಓದುವ ಸೂಚನೆಗಳ ಕಡತ) ಬರೆಯಬೇಕೇ, ಸಾಧನವೇ ತೋರಿಸುವ ಹೆಲ್ಪ್ ಪಠ್ಯ ತಿದ್ದಿದರೆ ಸಾಕೇ? ಕನ್ನಡದಲ್ಲಿ ಬರೆದರೆ ನಡೆಯುತ್ತದೆಯೇ?

ಶಿರಾಗೇಟ್, ತುಮಕೂರು:
ಬರೆಯಿಸಿದ್ದು ನಮ್ಮ ಮಾಲೀಕರು, ಸುಟ್ಟದ್ದು ನನ್ನ ಕೈ. ಬೆಂಗಳೂರಿನಿಂದ ಒಬ್ಬ ಸಲಹೆಗಾರರನ್ನು ಕರೆಸಿದರು. ಶುಲ್ಕ 85,000 ರೂಪಾಯಿ, ಜಿಎಸ್‌ಟಿ ಬೇರೆ, ಊಟ ವಸತಿ ಬೇರೆ. ಅವರು ನಮ್ಮ ಹಳೆಯ ಕೈಪಿಡಿಯನ್ನೇ ಇಡಿಯಾಗಿ ಏಜೆಂಟ್ಸ್.ಎಂಡಿಯೊಳಗೆ ಸುರಿದು ಹೋದರು. ಆ ಕಡತ ಸಂವಾದದ ಆರಂಭದಲ್ಲೇ ಒಳಗೆ ಹೋಗಿ ಕೊನೆಯವರೆಗೂ ಜೊತೆಯಲ್ಲಿರುತ್ತದೆ. ಒಬ್ಬನ ಪಾಸ್‌ವರ್ಡ್ ಬದಲಿಸುವುದಕ್ಕೂ ಅಷ್ಟನ್ನೂ ಹೊರಬೇಕು. ಏಜೆಂಟ್ ಬಳಕೆಯ ತಿಂಗಳ ಬಿಲ್ಲು 9,000ದಿಂದ 31,000ಕ್ಕೆ ಏರಿತು. ಅದೂ ಹೋಗಲಿ. ಸಾಧನದಿಂದ ‘ಫೋರ್ಸ್’ ಫ್ಲ್ಯಾಗ್ (ಕಮಾಂಡ್ ಜೊತೆ ಸೇರಿಸುವ ಆಯ್ಕೆ) ಕಿತ್ತು ವರ್ಷವಾಗಿದೆ, ಕೈಪಿಡಿಯಲ್ಲಿ ಇನ್ನೂ ಕೂತಿದೆ. ಏಜೆಂಟ್ ಕೈಪಿಡಿಯನ್ನು ನಂಬಿತು, ದೋಷ ಬಂತು, ಆಮೇಲೆ ತಾನೇ ಒಂದು ಫ್ಲ್ಯಾಗ್ ಹುಟ್ಟಿಸಿಕೊಂಡಿತು! ಈಗ ಎಲ್ಲವನ್ನೂ ಒಂದು ಪುಟಕ್ಕೆ ಇಳಿಸಿದ್ದೇನೆ. ಯಾವ ಸರ್ವರ್ ಪರೀಕ್ಷೆಯದು, ಯಾವುದು ಚಾಲ್ತಿಯದು, ಬ್ಯಾಕಪ್ ಆಗದೆ ಯಾವುದಕ್ಕೆ ಕೈ ಹಾಕಬಾರದು, ಅಷ್ಟೇ. ಉಳಿದದ್ದಕ್ಕೆ ‘ಹೆಲ್ಪ್ ಓಡಿಸು’ ಎಂದು ಬರೆದಿದ್ದೇನೆ. ಬಿಲ್ಲು ಇಳಿದಿದೆ. 85,000 ಮಾತ್ರ ವಾಪಸ್ ಬರಲಿಲ್ಲ.

ಬಂಗಾರಪೇಟೆ ಲೋಕಲ್:
ಆ ಒಂದು ಪುಟವೂ ದಂಡ. ಹಾಲಿನ ಸಂಘಗಳ ಸರ್ವರ್ ನೋಡಿಕೊಳ್ಳುತ್ತೇನೆ, ಏಜೆಂಟ್‌ಗೆಂದು ಒಂದು ಸಾಲೂ ಬರೆದಿಲ್ಲ, ಸಾಧನವನ್ನೇ ಸರಿಪಡಿಸಿದೆ. ಮೊದಲು ಬ್ಯಾಕಪ್ ಕಮಾಂಡ್ ನಡುವೆ ನಿಂತು ‘ಮುಂದುವರಿಸಲೇ? ವೈ/ಎನ್’ ಎಂದು ಕೇಳುತ್ತಿತ್ತು. ಉತ್ತರಿಸುವವರಿಲ್ಲ. ಏಜೆಂಟ್ ಸಮಯ ಮೀರುವವರೆಗೆ ಕಾದು, ಓಡುತ್ತಿದ್ದುದನ್ನು ಕೊಂದು, ಮತ್ತೆ ಮೊದಲಿನಿಂದ ಶುರು ಮಾಡುತ್ತಿತ್ತು. ಡಿಸ್ಕ್ ತುಂಬ ಅರ್ಧಂಬರ್ಧ ಬ್ಯಾಕಪ್‌ಗಳು. ಆ ಪ್ರಶ್ನೆ ಕಿತ್ತು, ಒಪ್ಪಿಗೆಯನ್ನು ಮೊದಲೇ ಹೇಳುವ ‘ಯೆಸ್’ ಫ್ಲ್ಯಾಗ್ ಕೊಟ್ಟೆ. ಬಣ್ಣದ ಸಂಕೇತಗಳನ್ನು ತೆಗೆದೆ, ಫಲಿತಾಂಶ ಜೇಸನ್ ರೂಪದಲ್ಲಿ (ಯಂತ್ರ ಸುಲಭವಾಗಿ ಓದುವ ಪಠ್ಯ) ಬರುವಂತೆ ಮಾಡಿದೆ. ಕೆಲಸ ಕೆಟ್ಟರೂ ಸೊನ್ನೆಯನ್ನೇ ಹಿಂತಿರುಗಿಸುವ ಕಮಾಂಡ್‌ಗಳಿದ್ದವು. ಸೊನ್ನೆ ಎಂದರೆ ಯಶಸ್ಸು ಎಂಬುದು ಯೂನಿಕ್ಸ್ ಕಾಲದ ರೂಢಿ. ಏಜೆಂಟ್ ಅದನ್ನು ನೋಡಿ ‘ಯಶಸ್ವಿ’ ಎಂದು ವರದಿ ಒಪ್ಪಿಸುತ್ತಿತ್ತು. ಎಲ್ಲಕ್ಕಿಂತ ಕೈಹಿಡಿದದ್ದು ದೋಷ ಸಂದೇಶ. ಮೊದಲು ‘ದೋಷ 22’ ಎಂದಷ್ಟೇ ಇತ್ತು. ಈಗ ‘ಸಂಘ 14 ಇಲ್ಲ, ಇರುವವುಗಳನ್ನು ನೋಡಲು ಸಂಘ-ಪಟ್ಟಿ ಓಡಿಸಿ’ ಎಂದಿದೆ. ನನ್ನ ಕೈಪಿಡಿ ಅದೇ. ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ಶಿರಾಗೇಟ್, ತುಮಕೂರು:
ಯಾವ ಸರ್ವರ್ ಚಾಲ್ತಿಯದು ಎಂದು ನಿಮ್ಮ ಹೆಲ್ಪ್ ಹೇಳುತ್ತದೆಯೇ ಸ್ವಾಮಿ? ಕಮಾಂಡನ್ನು ಹೇಗೆ ಓಡಿಸಬೇಕೆಂದು ಹೇಳುತ್ತದೆ, ಯಾವಾಗ ಓಡಿಸಬಾರದೆಂದು ಹೇಳುವುದಿಲ್ಲ. ಸಂಬಳ ತೆಗೆದುಕೊಂಡು ಮಾಡಿದ ಕೆಲಸಕ್ಕೆ ಖರ್ಚಿಲ್ಲ ಎನ್ನುವುದೂ ಒಂದು ಲೆಕ್ಕವೇ.

ಚಿಂತಾಮಣಿ ಮಂಡಿ:
ಇಬ್ಬರೂ ಹೊಟ್ಟೆ ತುಂಬಿದವರು. ನಮ್ಮ ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ‘ಕೇಳದೆ ತೆರವು ಓಡಿಸಬೇಡ’ ಎಂದಿತ್ತು. ಡಿಸ್ಕ್ ತುಂಬಿದಾಗ ವ್ಯವಸ್ಥಾಪಕರು ‘ಜಾಗ ಮಾಡು’ ಎಂದು ಏಜೆಂಟ್‌ಗೆ ಹೇಳಿ ಮನೆಗೆ ಹೋದರು. ತೆರವು ಓಡಿತು. ಎಷ್ಟು ದಿನಕ್ಕಿಂತ ಹಳೆಯದು ಎಂದು ಹೇಳದಿದ್ದರೆ 30 ಎಂದು ಹಿಡಿಯುವ ಕಮಾಂಡ್ ಅದು, ರೈತರ ಬಾಕಿ ಲೆಕ್ಕವೆಲ್ಲ ಅದಕ್ಕಿಂತ ಹಳೆಯದು. ಬೆಳಿಗ್ಗೆ ಹರಾಜಿಗೆ ಬಂದವರು ಹಣ ಕೇಳಿದರೆ ಮಂಡಿಯವರ ಪರದೆಯ ಮೇಲೆ ಬಾಕಿ 0.00. ಹಳೆಯ ಬ್ಯಾಕಪ್ ಹಾಕಿ, ಅದರ ಮೇಲೆ ಬೈನರಿ ಲಾಗ್ (ಡೇಟಾಬೇಸಿನ ಬದಲಾವಣೆಗಳ ದಾಖಲೆ) ಓಡಿಸಿ ಮತ್ತೆ ಕೂರಿಸಲು ಹೊರಗಿನವರಿಗೆ 40,000. ಹೊಸ ಡಿಸ್ಕ್ 11,500. ರಾತ್ರಿ ಕೂತ ಹುಡುಗರ ಊಟ, ಆಟೊ ಸೇರಿ 2,340. ಈ ಕೊನೆಯದು ನನ್ನ ಜೇಬಿನದು, ರಸೀದಿ ಇನ್ನೂ ಮೇಜಿನ ಖಾನೆಯಲ್ಲಿದೆ. 2025ರ ಜುಲೈಯಲ್ಲಿ ಅಮೆರಿಕದಲ್ಲಿ ಇದೇ ಕಥೆ ಸುದ್ದಿಯಾಯಿತು: ಏನನ್ನೂ ಮುಟ್ಟಬೇಡ ಎಂದು ಹೇಳಿದ್ದರೂ ಏಜೆಂಟ್ ಚಾಲ್ತಿಯಲ್ಲಿದ್ದ ಡೇಟಾಬೇಸನ್ನೇ ಅಳಿಸಿತು. ಏಜೆಂಟ್‌ಗೆ ಓದಲು ಮಾತ್ರ ಅನುಮತಿಯಿರುವ ಖಾತೆ ಕೊಡಿ. ತೆರವು ತಾನಾಗಿ ಪಟ್ಟಿ ತೋರಿಸಿ ನಿಲ್ಲಲಿ, ಅಳಿಸುವುದನ್ನು ಮನುಷ್ಯರು ಮಾಡಲಿ. ನಿಮ್ಮ ‘ಯೆಸ್’ ಫ್ಲ್ಯಾಗ್ ಇದೆಯಲ್ಲ ಬಂಗಾರಪೇಟೆಯವರೇ, ಏಜೆಂಟ್ ಮೊದಲು ಹುಡುಕುವುದು ಅದನ್ನೇ.

ಬಂಗಾರಪೇಟೆ ಲೋಕಲ್:
ನಿಮ್ಮ ವ್ಯವಸ್ಥಾಪಕರು ಮನೆಗೆ ಹೋದರೆ ನನ್ನ ಫ್ಲ್ಯಾಗ್ ಏನು ಮಾಡೀತು?

ಗೌರಿಬಿದನೂರು:
ಕನ್ನಡದ ಪ್ರಶ್ನೆಯನ್ನು ಒಬ್ಬರೂ ಮುಟ್ಟಲಿಲ್ಲ. ನಾನು ಕನ್ನಡದಲ್ಲೇ ಬರೆದಿದ್ದೇನೆ. ಕಮಾಂಡ್ ಹೆಸರುಗಳು ಇದ್ದ ಹಾಗೆಯೇ ಇವೆ, ವಿವರಣೆ ಕನ್ನಡದ್ದು. ಏಜೆಂಟ್‌ಗೆ ಅರ್ಥವಾಗುತ್ತದೆ. ನಮ್ಮ ಹುಡುಗರೂ ಓದುತ್ತಾರೆ, ಇಂಗ್ಲಿಷಿನದನ್ನು ತೆರೆದು ನೋಡಿದವರೇ ಇರಲಿಲ್ಲ.

ಬಂಗಾರಪೇಟೆ ಲೋಕಲ್:
ಅದೇ ವಿಷಯ ಕನ್ನಡದಲ್ಲಿ ಇಂಗ್ಲಿಷಿಗಿಂತ ಹೆಚ್ಚು ಟೋಕನ್ (ಎಐ ಓದುವ ಪಠ್ಯದ ತುಣುಕು, ಬಿಲ್ಲು ಅದರ ಲೆಕ್ಕದಲ್ಲಿ) ತಿನ್ನುತ್ತದೆ. ಶಿರಾಗೇಟ್‌ನವರ ಬಿಲ್ಲನ್ನು ಇನ್ನೊಮ್ಮೆ ಓದಿ.

ಗೌರಿಬಿದನೂರು:
ಮಂಡಿಯಲ್ಲಿ ತೆಲುಗಿನಲ್ಲಿ ಚೌಕಾಸಿ, ಕಚೇರಿಯಲ್ಲಿ ಇಂಗ್ಲಿಷ್ ಕೈಪಿಡಿ, ಕನ್ನಡ ಬಂದಾಗ ಮಾತ್ರ ಟೋಕನ್ ಲೆಕ್ಕ. ಭೇಷ್.

ಬಂಗಾರಪೇಟೆ ಲೋಕಲ್:
ನಮ್ಮ ಮನೆಯಲ್ಲಿ ತೆಲುಗು, ತಮಿಳು, ಕನ್ನಡ ಮೂರೂ ನಡೆಯುತ್ತವೆ, ನಿಮ್ಮ ಅಪ್ಪಣೆ ಬೇಕಾಗಿಲ್ಲ. ಗೌರಿಬಿದನೂರಿನಲ್ಲಿ ತೆಲುಗು ಕೇಳಿಸುವುದೇ ಇಲ್ಲವೇನೋ!

ಕ್ಲಾಕ್‌ಟವರ್, ಕೋಲಾರ:
ದಯವಿಟ್ಟು ಇದನ್ನು ಬಿಡಿ. ಚಿಂತಾಮಣಿಯವರೇ, ನಮ್ಮ ತೆರವು ಕಮಾಂಡ್ ಕೂಡ ದಿನ ಹೇಳದಿದ್ದರೆ 30 ಎಂದೇ ಹಿಡಿಯುತ್ತದೆ. ಅದನ್ನು ತೆಗೆದು, ದಿನ ಹೇಳಲೇಬೇಕು ಎಂದು ಮಾಡಲೇ?

ಚಿಂತಾಮಣಿ ಮಂಡಿ:
30? ಟೊಮೆಟೊ ಮಂಡಿ, ತೆರವು, 30. ನಮ್ಮಲ್ಲಿ ಆ ಸಾಧನ ಬರೆದ ಹುಡುಗ ಹೋದ ವರ್ಷ ಕೆಲಸ ಬಿಟ್ಟು ಕೋಲಾರಕ್ಕೆ ಹೋದ. ‘ನಾವೇ ಬರೆದುಕೊಂಡದ್ದು’ ಎಂದಿರಲ್ಲ, ಬರೆದವರು ಯಾರು?

ಶಿರಾಗೇಟ್, ತುಮಕೂರು:
ನಮ್ಮಲ್ಲೂ 30ಏ ಇದೆ. ನನ್ನ ಮೇಲೂ ಪೊಲೀಸರಿಗೆ ದೂರು ಕೊಡುತ್ತೀರಾ?