ಹಳೆಯ ಪವರ್ ಟಿಲ್ಲರ್ ರಿಪೇರಿ: ಈ ವಾರದ ಪ್ರಶ್ನೋತ್ತರ

ಮೆಕ್ಯಾನಿಕ್: ಗುಂಪಿನ ಎಲ್ಲರಿಗೂ ನಮಸ್ಕಾರ. ಅಡಿಕೆ ತೋಟದ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ನಿಂತಿರುವ ಟಿಲ್ಲರ್‌ಗಳನ್ನು (ಕೈಯಲ್ಲಿ ಹಿಡಿದು ನಡೆಸುವ ಡೀಸೆಲ್ ಉಳುಮೆ ಯಂತ್ರಗಳನ್ನು) ಮನೆಯಲ್ಲೇ ಬಿಚ್ಚಿ ಸರಿಪಡಿಸಬೇಕೆಂದಿರುವವರು ಇಲ್ಲಿ ಪ್ರಶ್ನೆ ಕೇಳಬಹುದು. ಕೇಳುವ ಮೊದಲು ಎಂಜಿನ್ ಮೇಲಿನ ತಗಡಿನ ಪಟ್ಟಿಯನ್ನು ಸೀಮೆಎಣ್ಣೆಯಲ್ಲಿ ಒರೆಸಿ ಅದರ ಮೇಲಿನ ಬರಹವನ್ನು ಬರೆದುಕೊಳ್ಳಿ. 1967ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವಿ.ಎಸ್.ಟಿ. ಕಂಪನಿಯ ಟಿಲ್ಲರ್‌ಗಳು ಜಪಾನಿನ ಮಿತ್ಸುಬಿಷಿಯ ಸಹಯೋಗದಲ್ಲಿ ತಯಾರಾದವು. ಕೇರಳದ ಅತ್ತಾಣಿಯಲ್ಲಿ 1973ರಲ್ಲಿ ಆರಂಭವಾದ ಕ್ಯಾಮ್ಕೋ ಕಂಪನಿಯವು ಜಪಾನಿನದೇ ಆದ ಕುಬೋಟಾದ ಸಹಯೋಗದಲ್ಲಿ ಬಂದವು. ನೋಡಲು ಒಂದೇ ತರಹ ಕಂಡರೂ ಒಂದರ ಬಿಡಿಭಾಗ ಇನ್ನೊಂದಕ್ಕೆ ಕೂರುವುದಿಲ್ಲ.

ಸಾಗರದ ಸದಸ್ಯ: ಸರ್, ಅಪ್ಪ ಕೊಂಡ ಟಿಲ್ಲರ್ ಹನ್ನೊಂದು ವರ್ಷಗಳಿಂದ ಕೊಟ್ಟಿಗೆಯಲ್ಲಿದೆ. ಹ್ಯಾಂಡಲ್ ಹಾಕಿದರೆ ಕೂದಲೆಳೆಯಷ್ಟೂ ತಿರುಗುವುದಿಲ್ಲ. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಜಲ್ ಬಿಚ್ಚಿ ಆ ತೂತಿನಲ್ಲಿ ಕೋಲಾ ಸುರಿದು ಎರಡು ದಿನ ಬಿಟ್ಟರೆ ಪಿಸ್ಟನ್ ಬಿಡುತ್ತದೆ ಎಂಬ ಫಾರ್ವರ್ಡ್ ಬಂದಿದೆ. ಜೀಪಿಗೆ ಹಗ್ಗ ಕಟ್ಟಿ, ಗೇರ್‌ನಲ್ಲಿಟ್ಟು ಎಳೆಯೋಣ ಎಂದು ಭಾವ ಹೇಳುತ್ತಿದ್ದಾರೆ. ಯಾವುದು ಸರಿ?

ಮೆಕ್ಯಾನಿಕ್: ಎರಡೂ ಬೇಡ. ಕೋಲಾದಲ್ಲಿರುವುದು ನೀರು, ಸಕ್ಕರೆ ಮತ್ತು ಸ್ವಲ್ಪ ಆಮ್ಲ. ಆಮ್ಲವು ತುಕ್ಕಿನ ಜೊತೆಗೆ ಅಲ್ಯೂಮಿನಿಯಂ ಪಿಸ್ಟನ್ನನ್ನೂ ತಿನ್ನುತ್ತದೆ, ಸಕ್ಕರೆ ರಿಂಗ್‌ಗಳ ಸಂದಿನಲ್ಲಿ ಪಾಕದಂತೆ ಅಂಟಿ ಕೂರುತ್ತದೆ, ನೀರು ಹೊಸ ತುಕ್ಕನ್ನು ತರುತ್ತದೆ. ಹಗ್ಗ ಕಟ್ಟಿ ಎಳೆದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮೊದಲು ನೀರು, ಡೀಸೆಲ್, ಎಂಜಿನ್ ಆಯಿಲ್ ಎಲ್ಲವನ್ನೂ ಇಳಿಸಿ ಹೆಡ್ (ಸಿಲಿಂಡರಿನ ಮುಚ್ಚಳ) ಬಿಚ್ಚಿರಿ. ಸಿಲಿಂಡರ್ ಅಡ್ಡ ಮಲಗಿರುವುದರಿಂದ ಸುರಿದ ಎಣ್ಣೆ ಕೆಳಬದಿಯಲ್ಲಷ್ಟೇ ನಿಲ್ಲುತ್ತದೆ. ಆದ್ದರಿಂದ ಸಿಲಿಂಡರ್ ಬಾಯಿ ಮೇಲಾಗುವಂತೆ ಟಿಲ್ಲರ್ ಅಡಿಗೆ ಮರದ ದಿಮ್ಮಿ ಕೊಟ್ಟು ಭದ್ರಪಡಿಸಿಕೊಳ್ಳಿ. ಎ.ಟಿ.ಎಫ್. ಎಣ್ಣೆ (ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಹಾಕುವ ಎಣ್ಣೆ) ಮತ್ತು ಅಸಿಟೋನನ್ನು ಸಮಪಾಲು ಬೆರೆಸಿ ಸುರಿದು, ಬೆಂಕಿ ಬೀಡಿಗಳನ್ನು ದೂರವಿಟ್ಟು, ಒಂದು ವಾರ ಕಾಯಿರಿ. ಅನಂತರ ಪಿಸ್ಟನ್ ತಲೆಯ ಮೇಲೆ ಮರದ ತುಂಡಿಟ್ಟು ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಫ್ಲೈವೀಲನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿರಿ. ಬಿಟ್ಟ ಮೇಲೆ ಲೈನರ್ (ಪಿಸ್ಟನ್ ಓಡಾಡುವ ಕೊಳವೆ) ಒಳಗೆ ಉಗುರಾಡಿಸಿ ನೋಡಿ. ಉಗುರು ಸಿಕ್ಕಿಕೊಳ್ಳುವಷ್ಟು ಗುಳಿಗಳಿದ್ದರೆ ಲೈನರ್, ಪಿಸ್ಟನ್, ರಿಂಗ್ ಮೂರನ್ನೂ ಬದಲಿಸಬೇಕು.

ಮೂಡಿಗೆರೆಯ ಸದಸ್ಯೆ: ನಮ್ಮ ಟಿಲ್ಲರ್‌ನ ರೇಡಿಯೇಟರ್ ಸೋರುತ್ತಿದೆ. ಅರಿಶಿನ ಪುಡಿ ಅಥವಾ ಮೊಟ್ಟೆಯ ಬಿಳಿ ಹಾಕಿದರೆ ನಿಲ್ಲುತ್ತದೆಯಂತೆ, ಹೌದೇ?

ಮೆಕ್ಯಾನಿಕ್: ಸೋರುವ ತೂತಿನ ಜೊತೆಗೆ ಸೋರದ ನಳಿಗೆಗಳೂ ಕಟ್ಟಿಕೊಂಡು ಎಂಜಿನ್ ಕಾಯುತ್ತದೆ. ಬಿಚ್ಚಿ ಬೆಸುಗೆ ಹಾಕಿಸಿ. ಬಿಸಿಯಿರುವಾಗ ಮುಚ್ಚಳ ತೆಗೆಯಬೇಡಿ.

ಭದ್ರಾವತಿಯ ಸದಸ್ಯ: ಹಳೆಯ ಮಾದರಿಯ ಸ್ಟೇರಿಂಗ್ ಕ್ಲಚ್ ಕೇಬಲ್ ಮತ್ತು ಬೆಲ್ಟ್ ಕವರ್ ಮೇಲಿನ ಸ್ಟಿಕರ್ ಎಲ್ಲಿ ಸಿಗುತ್ತವೆ?

ಪುತ್ತೂರಿನ ಸದಸ್ಯ: ಅಣ್ಣಾ, ನಿನ್ನೆ ಸಂಜೆ ಆದದ್ದನ್ನು ಬರೆಯುತ್ತೇನೆ. ನಾನೇ ಬಿಚ್ಚಿ ಜೋಡಿಸಿದ ಎಂಜಿನ್ ನಾಲ್ಕನೆಯ ಹ್ಯಾಂಡಲಿಗೆ ಸ್ಟಾರ್ಟ್ ಆಯಿತು. ಎರಡು ಸೆಕೆಂಡ್ ಸರಿಯಾಗಿತ್ತು. ಆಮೇಲೆ ತಾನಾಗಿ ವೇಗ ಏರುತ್ತಾ ಹೋಯಿತು. ಥ್ರಾಟಲನ್ನು ಪೂರ್ತಿ ಕೆಳಗೆ ಎಳೆದರೂ ಇಳಿಯಲಿಲ್ಲ. ಡೀಸೆಲ್ ಕಾಕ್ ಮುಚ್ಚಿದರೂ ಇಳಿಯಲಿಲ್ಲ. ಟಿಲ್ಲರ್ ಇಡೀ ನಡುಗುತ್ತಾ ನೆಲದ ಮೇಲೆ ಸರಿಯತೊಡಗಿತು, ಕೊಟ್ಟಿಗೆ ತುಂಬ ನೀಲಿ ಹೊಗೆ. ಕೊನೆಗೆ ಅಮ್ಮ ಗೋಣಿಚೀಲವನ್ನು ಏರ್ ಕ್ಲೀನರ್ ಬಾಯಿಗೆ ಒತ್ತಿ ಹಿಡಿದ ಮೇಲೆ ನಿಂತಿತು. ಪಿಸ್ಟನ್ ಬಿಡಿಸುವಾಗ ನಾಜಲ್ ತೂತಿನಿಂದ ಅರ್ಧ ಲೀಟರಿನಷ್ಟು ಎಣ್ಣೆ ಹಾಕಿದ್ದೆ. ಡೀಸೆಲ್ ಪಂಪನ್ನೂ ತೆಗೆದು ತೊಳೆದು ಹಾಕಿದ್ದೆ. ಇಂದು ಥ್ರಾಟಲ್ ಕೇಬಲ್ ಬದಲಿಸಿ ಮತ್ತೆ ಸ್ಟಾರ್ಟ್ ಮಾಡಲೇ?

ಮೆಕ್ಯಾನಿಕ್: ಮಾಡಬೇಡಿ. ಹ್ಯಾಂಡಲನ್ನು ಮನೆಯೊಳಗಿಟ್ಟು ಇದನ್ನು ಪೂರ್ತಿ ಓದಿ. ನಿಮ್ಮ ತಾಯಿಯವರಿಗೆ ಏನೂ ಆಗಲಿಲ್ಲವಲ್ಲ, ಅದೇ ದೊಡ್ಡದು. ಗೋಣಿಯೇನಾದರೂ ಒಳಗೆ ಎಳೆದುಕೊಂಡಿದ್ದರೆ ಅವರ ಕೈಯೂ ಅದರ ಜೊತೆಗೆ ಹೋಗುತ್ತಿತ್ತು.

ಇದು ಕೇಬಲ್ಲಿನ ದೋಷವಲ್ಲ. ಡೀಸೆಲ್ ಎಂಜಿನ್‌ಗೆ ಕಿಡಿಯ ಅಗತ್ಯವಿಲ್ಲದ ಕಾರಣ, ಉರಿಯುವ ವಸ್ತು ಮತ್ತು ಗಾಳಿ ಸಿಗುವವರೆಗೂ ಅದು ಓಡುತ್ತಲೇ ಇರುತ್ತದೆ. ನೀವು ಬರೆದದ್ದರಲ್ಲಿ ಎರಡು ಕಾರಣಗಳು ಕಾಣುತ್ತಿವೆ. ಮೊದಲನೆಯದು ಪಂಪ್. ಪಂಪಿನ ರ್‍ಯಾಕ್‌ಗೆ (ಡೀಸೆಲನ್ನು ಹೆಚ್ಚು ಕಡಿಮೆ ಮಾಡುವ ಸರಳಿಗೆ) ಒಂದು ಸಣ್ಣ ಪಿನ್ ಇರುತ್ತದೆ. ಪಂಪನ್ನು ಅದರ ಜಾಗಕ್ಕೆ ಇಳಿಸುವಾಗ ಆ ಪಿನ್ ಒಳಗಿನ, ವೇಗವನ್ನು ಹಿಡಿತದಲ್ಲಿಡುವ ಗವರ್ನರ್ ಲಿವರ್‌ನ ಕವಲಿನೊಳಗೆ ಕೂರಬೇಕು. ಹೊರಗಿನಿಂದ ಅದು ಕಾಣುವುದಿಲ್ಲ, ತಪ್ಪಿ ಕೂತರೂ ಪಂಪಿನ ಬೋಲ್ಟ್‌ಗಳು ಸಲೀಸಾಗಿ ಬಿಗಿಯಾಗುತ್ತವೆ. ಹಾಗೆ ತಪ್ಪಿದ ಪಂಪಿಗೂ ಥ್ರಾಟಲಿಗೂ ಸಂಬಂಧವೇ ಇರುವುದಿಲ್ಲ, ರ್‍ಯಾಕ್ ಪೂರ್ತಿ ಡೀಸೆಲ್ ಕೊಡುವ ಕಡೆಗೆ ಸರಿದರೆ ಅದನ್ನು ಹಿಂದಕ್ಕೆಳೆಯುವವರು ಯಾರೂ ಇಲ್ಲ. ಕಾಕ್ ಮುಚ್ಚಿದರೂ ಪೈಪು ಮತ್ತು ಫಿಲ್ಟರಿನಲ್ಲಿ ಉಳಿದ ಡೀಸೆಲ್ ಸ್ವಲ್ಪ ಹೊತ್ತಿಗೆ ಸಾಕು.

ಎರಡನೆಯದು ಆ ಅರ್ಧ ಲೀಟರ್ ಎಣ್ಣೆ. ಅದರಲ್ಲಿ ಒಂದಿಷ್ಟು ಸೈಲೆನ್ಸರ್ ಕೊಳವೆಯಲ್ಲಿ, ಒಂದಿಷ್ಟು ರಿಂಗ್ ದಾಟಿ ಎಂಜಿನ್ ಆಯಿಲ್ ನಿಲ್ಲುವ ಸಂಪ್‌ನಲ್ಲಿ ಸೇರಿರುತ್ತದೆ, ಉಳಿದದ್ದು ಸಿಲಿಂಡರಿನಲ್ಲೇ ಇತ್ತು. ನೀಲಿ ಹೊಗೆ ಎಂದರೆ ಎಣ್ಣೆ ಉರಿದಿದೆ ಎಂದೇ ಅರ್ಥ. ಡಿಪ್‌ಸ್ಟಿಕ್ ತೆಗೆದು ನೋಡಿ: ಮೇಲಿನ ಗೆರೆ ದಾಟಿದ್ದರೆ ಎಲ್ಲ ಆಯಿಲನ್ನೂ ಇಳಿಸಿ ಹೊಸದನ್ನು ಅಳೆದು ಹಾಕಬೇಕು. ಏರ್ ಕ್ಲೀನರ್ ಬಟ್ಟಲಿನ ಎಣ್ಣೆಯೂ ಗೆರೆಯವರೆಗೆ ಮಾತ್ರ ಇರಬೇಕು. ತುಂಬಿ ತುಳುಕಿಸಿದರೆ ಅದೂ ಎಂಜಿನ್ ಹೊಟ್ಟೆಗೇ ಹೋಗುತ್ತದೆ.

ಈ ಬಗೆಯ ಎಂಜಿನ್‌ಗಳನ್ನು ನಿಮಿಷಕ್ಕೆ 2000ದಿಂದ 2400 ಸುತ್ತಿಗೆಂದು ಮಾಡಿರುತ್ತಾರೆ. ವೇಗ ಒಂದೂವರೆ ಪಟ್ಟಾದರೆ ರಾಡ್ ಬೋಲ್ಟ್‌ಗಳ ಮೇಲೂ ಫ್ಲೈವೀಲ್ ಮೇಲೂ ಬೀಳುವ ಬಲ ಎರಡೂಕಾಲು ಪಟ್ಟಾಗುತ್ತದೆ. ಆದ್ದರಿಂದ ಹೊರಗಿನಿಂದ ಎಲ್ಲವೂ ಸರಿಯಾಗಿ ಕಂಡರೂ ರಾಡ್ ಬೋಲ್ಟ್‌ಗಳನ್ನು ಬದಲಿಸಿ, ಪುಶ್ ರಾಡ್‌ಗಳನ್ನು ಗಾಜಿನ ಮೇಲೆ ಉರುಳಿಸಿ ಬಾಗಿದೆಯೇ ನೋಡಿ, ಫ್ಲೈವೀಲನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ, ಒಣಗಿದ ಮೇಲೆ ಸುಣ್ಣದ ಪುಡಿ ಸವರಿ. ಬಿರುಕಿದ್ದರೆ ಒಳಗಿನ ಎಣ್ಣೆ ಸುಣ್ಣದ ಮೇಲೆ ಗೆರೆಯಾಗಿ ಎದ್ದು ಬರುತ್ತದೆ. ಗೆರೆ ಕಂಡರೆ ಆ ಫ್ಲೈವೀಲನ್ನು ಗುಜರಿಗೆ ಹಾಕಿ; ಬೆಸುಗೆ ಹಾಕಿಸುವ ಯೋಚನೆಯೂ ಬೇಡ.

ಪಂಪನ್ನು ಮತ್ತೆ ತೆಗೆಯುವಾಗ ಅದರ ಅಡಿಯ ತೆಳು ತಗಡಿನ ಶಿಮ್‌ಗಳನ್ನು ಎಣಿಸಿ ಇಡಿ. ಒಂದು ಕಳೆದರೂ ಡೀಸೆಲ್ ಬೇಗ ಚಿಮ್ಮಿ ಹ್ಯಾಂಡಲ್ ತಿರುಗಿ ಹೊಡೆಯುತ್ತದೆ. ಎಲ್ಲ ಜೋಡಿಸಿದ ಮೇಲೆ ನಾಜಲಿಗೆ ಹೋಗುವ ಪೈಪಿನ ನಟ್ಟನ್ನು ನಾಜಲ್ ಕಡೆ ಸಡಿಲಿಸಿ ಅದರ ಮೇಲೆ ಬಟ್ಟೆ ಹಾಕಿ. ಥ್ರಾಟಲನ್ನು ನಿಲ್ಲಿಸುವ ಜಾಗದಲ್ಲಿಟ್ಟು, ಸಿಲಿಂಡರಿನ ಒತ್ತಡ ಬಿಡಿಸುವ ಡಿಕಂಪ್ರೆಶನ್ ಲಿವರ್ ಎತ್ತಿ ಹ್ಯಾಂಡಲ್ ತಿರುಗಿಸಿ. ಬಟ್ಟೆಗೆ ಒಂದು ಹನಿಯೂ ಬರಬಾರದು. ಥ್ರಾಟಲ್ ಏರಿಸಿದಾಗ ಬರಬೇಕು, ಇಳಿಸಿದಾಗ ನಿಲ್ಲಬೇಕು. ಇದನ್ನು ಹತ್ತು ಸಲ ನೋಡದೆ ನಟ್ ಬಿಗಿಯಬೇಡಿ. ಮೊದಲ ಸ್ಟಾರ್ಟಿಗೆ ಏರ್ ಕ್ಲೀನರ್ ಬಿಚ್ಚಿಟ್ಟು, ಗಾಳಿ ಎಳೆಯುವ ಬಾಯಿಯನ್ನು ಪೂರ್ತಿ ಮುಚ್ಚುವಂಥ, ಟ್ಯೂಬ್ ರಬ್ಬರ್ ಹೊಡೆದ ಹಲಗೆಯನ್ನು ಹಿಡಿದು ಒಬ್ಬರು ಪಕ್ಕದಲ್ಲಿ ನಿಲ್ಲಬೇಕು. ಬರಿಗೈ ಬೇಡ, ಗೋಣಿ ಬೇಡ, ಲುಂಗಿ ಬೇಡ. ಫ್ಲೈವೀಲ್ ಸುತ್ತುವ ನೇರಕ್ಕೆ ಯಾರೂ ನಿಲ್ಲಬಾರದು, ಮಕ್ಕಳು ಕೊಟ್ಟಿಗೆಯಲ್ಲೇ ಇರಬಾರದು.

ದಾವಣಗೆರೆಯ ಸದಸ್ಯ: ಇಷ್ಟೆಲ್ಲ ಅಪಾಯವಿರುವಾಗ ಈ ಹಳೆಯದನ್ನೇಕೆ ಕಟ್ಟಿಕೊಳ್ಳಬೇಕು? ಕೃಷಿ ಇಲಾಖೆಯಲ್ಲಿ ಸಬ್ಸಿಡಿಗೆ ಅರ್ಜಿ ಹಾಕಿ ಹೊಸದನ್ನು ತರಬಹುದಲ್ಲ.

ಶಿರಸಿಯ ಸದಸ್ಯ: ನನ್ನ ಅಜ್ಜ ಬೆಟ್ಟದಿಂದ ಸೊಪ್ಪು ಹೊರಿಸಿ ತಂದ ಟಿಲ್ಲರನ್ನು ಗುಜರಿಗೆ ಹಾಕಿ ಸಬ್ಸಿಡಿಗೆ ಸಾಲು ನಿಲ್ಲಲು ನನಗೆ ಮನಸ್ಸಿಲ್ಲ. ನಿಮ್ಮ ಬಯಲು ಗದ್ದೆಯ ಲೆಕ್ಕ ನಮ್ಮ ತೋಟಕ್ಕೆ ಹೊಂದುವುದಿಲ್ಲ.

ದಾವಣಗೆರೆಯ ಸದಸ್ಯ: ಅಜ್ಜನ ನೆನಪಿಗೆ ಫೋಟೋ ಸಾಕು. ನೀವು ಹಳೆಯ ಬಣ್ಣವನ್ನೂ ಕೆರೆಯದೆ ಇಟ್ಟುಕೊಂಡಿದ್ದೀರಿ, ಅದು ಯಂತ್ರಕ್ಕೆ ಮಾಡುವ ಗೌರವವಲ್ಲ, ಸೋಮಾರಿತನ.

ಶಿರಸಿಯ ಸದಸ್ಯ: ಹಿಡಿಕೆಯ ಮೇಲೆ ಅಜ್ಜನ ಅಂಗೈ ಸವೆಸಿದ ಜಾಗದಲ್ಲಿ ಬಣ್ಣ ಹೋಗಿ ಕಬ್ಬಿಣ ಹೊಳೆಯುತ್ತದೆ. ಅದರ ಮೇಲೆ ನಾನು ಬಣ್ಣ ಬಳಿಯುವುದಿಲ್ಲ. ನಿಮ್ಮ ಮಾತಿನ ಧಾಟಿಯನ್ನು ಸರಿಪಡಿಸಿಕೊಳ್ಳಿ.

ಮೆಕ್ಯಾನಿಕ್: ಇಬ್ಬರಿಗೂ ಒಂದೇ ಮಾತು. ಬಣ್ಣ ಉಳಿಸುವುದೂ ಕೆರೆಯುವುದೂ ಮಾಲೀಕರ ಇಷ್ಟ. ಕೆರೆಯುವವರು ಒಣಗಿದ್ದಾಗ ಉಜ್ಜಬೇಡಿ, ಹಳೆಯ ಬಣ್ಣದಲ್ಲಿ ಸೀಸವಿರಬಹುದು. ನೀರು ಹಾಕಿ ಉಜ್ಜಿ, ಮುಖಕ್ಕೆ ಮಾಸ್ಕ್ ಹಾಕಿ. ಹಳೆಯ ಕ್ಲಚ್ ಪ್ಲೇಟಿನ ಧೂಳಿನಲ್ಲಿ ಕಲ್ನಾರು ಇರಬಹುದಾದ್ದರಿಂದ ಅದಕ್ಕೆ ಕಂಪ್ರೆಸರ್ ಗಾಳಿ ಹೊಡೆಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಹೊಸನಗರದ ಸದಸ್ಯ: ಬೆಲ್ಟ್ ಕವರಿನ ತುಕ್ಕಿಗೆ ಹುಣಸೆಹಣ್ಣು ಒಳ್ಳೆಯದೋ, ಬ್ಯಾಟರಿ ಚಾರ್ಜರ್ ಇಟ್ಟು ಮಾಡುವ ವಿಧಾನ ಒಳ್ಳೆಯದೋ?

ಮೆಕ್ಯಾನಿಕ್: ಸಣ್ಣ ಬೋಲ್ಟಿಗೆ ಹುಣಸೆ ಸಾಕು. ದೊಡ್ಡ ತಗಡಿಗೆ ವಾಷಿಂಗ್ ಸೋಡಾ ಕರಗಿಸಿದ ನೀರು ತುಂಬಿದ ಪ್ಲಾಸ್ಟಿಕ್ ಡ್ರಮ್ ಬೇಕು. ಚಾರ್ಜರಿನ ನೆಗೆಟಿವ್ ತುಕ್ಕಿನ ತಗಡಿಗೆ, ಪಾಸಿಟಿವ್ ಒಂದು ಹಳೆಯ ಕಬ್ಬಿಣದ ತುಂಡಿಗೆ. ಆ ತುಂಡು ಸ್ಟೀಲ್ ಪಾತ್ರೆಯದಾಗಿರಬಾರದು, ಏಕೆಂದರೆ ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗೆ ಸೇರುತ್ತದೆ. ಅಲ್ಯೂಮಿನಿಯಂ ಭಾಗಗಳನ್ನು ಅದರಲ್ಲಿ ಮುಳುಗಿಸಬೇಡಿ. ಹೈಡ್ರೋಜನ್ ಏಳುತ್ತದೆ, ಬಯಲಿನಲ್ಲೇ ಮಾಡಿ.

ಕೊಪ್ಪದ ಸದಸ್ಯ: ಪಿಸ್ಟನ್ ಜಾಮ್ ಆಗಿದೆ. ಕೋಲಾ ಹಾಕಬಹುದೇ?

ಮೆಕ್ಯಾನಿಕ್: ಮೇಲೆ ಓದಿ.

ತೀರ್ಥಹಳ್ಳಿಯ ಸದಸ್ಯ: ನಾಜಲ್ ಪರೀಕ್ಷೆಗೆ ಅದನ್ನು ಹೊರಗೆ ಹಿಡಿದು, ಹ್ಯಾಂಡಲ್ ತಿರುಗಿಸಿ, ಬೆರಳಿಗೆ ಡೀಸೆಲ್ ಜೋರಾಗಿ ತಾಗುತ್ತದೆಯೇ ನೋಡಬೇಕೆಂದು ಒಂದು ವಿಡಿಯೋ ಹರಿದಾಡುತ್ತಿದೆ, ಇಲ್ಲಿ ಹಾಕಿದ್ದೇನೆ.

ಮೆಕ್ಯಾನಿಕ್: ಆ ವಿಡಿಯೋವನ್ನು ಈಗಲೇ ತೆಗೆಯಿರಿ. ಪ್ರತಿ ಚದರ ಸೆಂಟಿಮೀಟರಿಗೆ ನೂರು ಕಿಲೋಗೂ ಮೀರಿದ ಒತ್ತಡದಲ್ಲಿ ಬರುವ ಡೀಸೆಲ್ ಚರ್ಮವನ್ನು ಸೂಜಿಯಂತೆ ತೂರಿ ಒಳಗೆ ಹರಡುತ್ತದೆ. ಹೊರಗೆ ಸಣ್ಣ ಚುಕ್ಕೆಯಷ್ಟೇ ಕಾಣುತ್ತದೆ, ಮೊದಲು ನೋವೂ ಇರುವುದಿಲ್ಲ; ಕೆಲವು ಗಂಟೆಗಳಲ್ಲಿ ಕೈ ಊದಿ, ಶಸ್ತ್ರಚಿಕಿತ್ಸೆ ತಡವಾದರೆ ಬೆರಳನ್ನೇ ತೆಗೆಯಬೇಕಾಗುತ್ತದೆ. ನನ್ನ ಶೆಡ್ಡಿನಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗನೊಬ್ಬ ಹೀಗೇ ತೋರುಬೆರಳಿನ ಎರಡು ಗಿಣ್ಣು ಕಳೆದುಕೊಂಡ. ಯಾರಿಗಾದರೂ ಹೀಗೆ ತಗುಲಿದರೆ, ಚುಕ್ಕೆ ಎಷ್ಟೇ ಚಿಕ್ಕದಿರಲಿ, ಮನೆಮದ್ದು ಮಾಡದೆ ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಿ, ಡೀಸೆಲ್ ಒಳಹೊಕ್ಕಿದೆ ಎಂದು ಸ್ಪಷ್ಟವಾಗಿ ಹೇಳಿ.

ತೀರ್ಥಹಳ್ಳಿಯ ಸದಸ್ಯ: ನಾನು ಮಾಡಿದ ವಿಡಿಯೋ ಅಲ್ಲ, ಬಂದದ್ದನ್ನು ಹಾಕಿದೆ. ಇಷ್ಟು ಗದರುವ ಅಗತ್ಯವಿರಲಿಲ್ಲ.

ಮೆಕ್ಯಾನಿಕ್: ಬಂದದ್ದನ್ನು ಹಾಕಿದ್ದಕ್ಕೇ ಹೇಳಿದ್ದು.

ದಾವಣಗೆರೆಯ ಸದಸ್ಯ: ಇದನ್ನೇ ನಾನೂ ಹೇಳಿದ್ದು. ಹಳೆಯದೆಲ್ಲ ಗುಜರಿಗೆ.

ಶಿರಸಿಯ ಸದಸ್ಯ: ಹೊಸ ಟಿಲ್ಲರಿನ ನಾಜಲಿನಿಂದ ಪನ್ನೀರು ಬರುವುದಿಲ್ಲ. ಬೆರಳಿಟ್ಟರೆ ಅದೂ ಅಷ್ಟೇ ಕೊಯ್ಯುತ್ತದೆ. ನೀವು ಈ ಗುಂಪಿನಲ್ಲಿ ಏಕಿದ್ದೀರಿ ಎಂಬುದೇ ನನಗೆ ತಿಳಿಯುತ್ತಿಲ್ಲ.

ಭದ್ರಾವತಿಯ ಸದಸ್ಯ: ಕೇಬಲ್ ಮತ್ತು ಸ್ಟಿಕರ್ ಬಗ್ಗೆ ಕೇಳಿದ್ದೆ.

ಸಾಗರದ ಸದಸ್ಯ: ಸರ್, ಡೀಸೆಲ್ ಟ್ಯಾಂಕ್ ತಳ ತೂತಾಗಿದೆ. ನೀರಿನಲ್ಲಿ ತೊಳೆದು ವೆಲ್ಡಿಂಗ್ ಮಾಡಿಸಲೇ?

ಮೆಕ್ಯಾನಿಕ್: ತೊಳೆದ ಟ್ಯಾಂಕಿನ ಮೂಲೆಗಳಲ್ಲೂ ಡೀಸೆಲ್ ಉಳಿದು, ಕಾದಾಗ ಆವಿಯಾಗಿ ಸಿಡಿಯುತ್ತದೆ. ಹೊಸ ಟ್ಯಾಂಕ್ ಹಾಕಿ.

ಪುತ್ತೂರಿನ ಸದಸ್ಯ: ಅಣ್ಣಾ, ಪಂಪ್ ತೆಗೆದು ಟಾರ್ಚ್ ಹಾಕಿ ನೋಡಿದೆ. ಗವರ್ನರ್ ಕವಲಿನ ಹೊರಮೈಯಲ್ಲಿ ಪಿನ್ ಉಜ್ಜಿದ ಹೊಸ ಗೀರು ಬೆಳ್ಳಗೆ ಕಾಣುತ್ತಿದೆ, ಒಳಮೈ ಕಪ್ಪಾಗಿಯೇ ಇದೆ. ಡಿಪ್‌ಸ್ಟಿಕ್ ಗೆರೆಗಿಂತ ಒಂದು ಬೆರಳು ಮೇಲಿತ್ತು. ಶಿಮ್‌ಗಳು ಮೂರಿವೆ, ಮೊದಲು ಎಷ್ಟಿದ್ದವೆಂದು ನನಗೆ ನೆನಪಿಲ್ಲ.

ಮೆಕ್ಯಾನಿಕ್: ಹಾಗಾದರೆ ಪಿನ್ ಹೊರಗೇ ಇತ್ತು. ಶಿಮ್ ಸಂಖ್ಯೆಯನ್ನು ಊಹಿಸಿ ಜೋಡಿಸಬೇಡಿ, ಫ್ಲೈವೀಲ್ ಮೇಲಿನ ಗುರುತಿಗೆ ಡೀಸೆಲ್ ಚಲಿಸುವ ಕ್ಷಣವನ್ನು ಹೊಂದಿಸಿ ನೋಡಬೇಕು. ಅದನ್ನು ಬರಹದಲ್ಲಿ ತಿಳಿಸಿದರೆ ತಪ್ಪಾದೀತು. ಭಾನುವಾರ ಬೆಳಿಗ್ಗೆ ನಾನೇ ಬರುತ್ತೇನೆ. ಅಷ್ಟರಲ್ಲಿ ರಾಡ್ ಬೋಲ್ಟ್ ತರಿಸಿಡಿ, ಫ್ಲೈವೀಲಿಗೆ ಸುಣ್ಣ ಸವರಿ ಅದರ ಫೋಟೋ ಕಳುಹಿಸಿ.