ಸಹಾಯ ಬೇಕು: ಮೂವತ್ತರ ವಯಸ್ಸಿನವರಿಗೆ ಹೊಂದುವ ಸ್ಪಿತಿ ಗ್ರೂಪ್ ಟೂರ್

ಎಲ್ಲರಿಗೂ ನಮಸ್ಕಾರ. ನನಗೆ 34 ವರ್ಷ, ಬೆಂಗಳೂರಿನಲ್ಲಿ ಕೆಲಸ. ಸೆಪ್ಟೆಂಬರ್‌ನಲ್ಲಿ ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಗೆ ಗುಂಪಿನ ಜೊತೆ ಹೋಗುವ ಆಸೆ. ಆದರೆ ವಿಚಾರಿಸಿದ ಟೂರ್‌ಗಳಲ್ಲಿ ಒಂದೋ ಕಾಲೇಜು ಹುಡುಗರು, ಇಲ್ಲ ಅಂದ್ರೆ ಕುಟುಂಬಗಳೇ ಜಾಸ್ತಿ. ನನ್ನ ವಯಸ್ಸಿನವರು ಹತ್ತು-ಹನ್ನೆರಡು ಜನ ಇದ್ದರೆ ಸಾಕು.

ದಾರಿ ಮಾತ್ರ ಶಿಮ್ಲಾ, ಕಿನ್ನೌರ್ ಕಡೆಯಿಂದಲೇ ಇರಬೇಕು. ಸ್ಪಿತಿಯ ಮುಖ್ಯ ಊರು ಕಾಜಾನೇ 3,600 ಮೀಟರ್‌ಗಿಂತ ಎತ್ತರದಲ್ಲಿದೆ. ಮನಾಲಿಯಿಂದ ಕುಂಜುಮ್ ಪಾಸ್ ದಾಟಿ ಒಂದೇ ದಿನದಲ್ಲಿ ಏರಿದರೆ ತಲೆನೋವು, ವಾಂತಿ ಬರುವ ಸಾಧ್ಯತೆ ಹೆಚ್ಚು. ಶಿಮ್ಲಾ ದಾರಿಯಲ್ಲಿ ಸಿಗುವ ಕಲ್ಪಾ, ನಾಕೋದಲ್ಲಿ ಉಳಿದು ಹೋದರೆ ದೇಹ ನಿಧಾನವಾಗಿ ಹೊಂದಿಕೊಳ್ಳುತ್ತದೆ, ಅಲ್ವಾ? ಆತುರದ ಟೂರ್ ಎಷ್ಟೇ ಅಗ್ಗವಾದರೂ ಬೇಡ.

ಇನ್ನೊಬ್ಬ ಹೆಣ್ಣುಮಗಳ ಜೊತೆ ರೂಮ್ ಹಂಚಿಕೊಳ್ಳಲು ನಾನು ಸಿದ್ಧ. ವಯಸ್ಸು ನೋಡಿ ಗುಂಪು ಕಟ್ಟುವವರು ಯಾರಾದರೂ ಗೊತ್ತಾ? ನೀವೇ ಹೋಗಿದ್ದರೆ, ಟೂರ್ ಲೀಡರ್ ಕೊನೆಯವರೆಗೂ ಜೊತೆಗಿದ್ದರಾ ಅಂತ ದಯವಿಟ್ಟು ತಿಳಿಸಿ.